ಬಸವನಹುಳು ತಿನ್ನುವ ಬಸವನಹುಳುವನ್ನು ತೋಟಕ್ಕೆ ತರಬಹುದೇ?

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ಆನೆಗೊಂದಿ ಸಮೀಪ ನಮ್ಮದು ನಾಲ್ಕು ಎಕರೆ ತೋಟ. ಬಾಳೆ, ಪಪ್ಪಾಯಿ, ಒಂದಿಷ್ಟು ತರಕಾರಿ ಇದೆ. ಮೂರು ಮಳೆಗಾಲದಿಂದ ಅಂಗೈಯಷ್ಟು ದೊಡ್ಡ ಬಸವನಹುಳುಗಳ ಕಾಟ ವಿಪರೀತವಾಗಿದೆ. ಎಳೆ ಪಪ್ಪಾಯಿಯ ತೊಗಟೆ ಕೆರೆದು ತಿನ್ನುತ್ತವೆ, ಸೌತೆ ಸಸಿಗಳನ್ನು ರಾತ್ರಿ ಬೆಳಗಾಗುವುದರಲ್ಲಿ ಮುಗಿಸುತ್ತವೆ. ಉಪ್ಪು ಚೆಲ್ಲಿದೆವು. ತವುಡಿಗೆ ಬೆಲ್ಲ, ವಿಷ ಕಲಸಿ ಇಟ್ಟೆವು; ನಮ್ಮ ನಾಯಿಯೇ ತಿಂದು ಸತ್ತಿತು. ಈಗ ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಬಸವನಹುಳುವನ್ನು ಅಟ್ಟಿಸಿಕೊಂಡು ಹೋಗಿ ತಿನ್ನುವ ಇನ್ನೊಂದು ಬಸವನಹುಳು ಅದರಲ್ಲಿತ್ತು. ಅದನ್ನು ತರಿಸಿ ತೋಟಕ್ಕೆ ಬಿಡಬಹುದೇ? ಮನೆ ಮುಂದಿನ ಹೂಕುಂಡದಲ್ಲಿ ಸಿಕ್ಕ ಕಿತ್ತಳೆ ಬಣ್ಣದ ಸಣ್ಣ ಹುಳುವೊಂದರ ಚಿತ್ರ ಕಳಿಸಿದ್ದೇನೆ, ಅದೂ ಅದೇ ಜಾತಿಯೇ? ಆರಿಸಿದ ಹುಳುಗಳನ್ನು ಕೋಳಿಗೆ ಹಾಕಬಹುದೇ?

ಉತ್ತರ: ದಯವಿಟ್ಟು ತರಿಸಬೇಡಿ. ಯಾರಾದರೂ ತಂದುಕೊಡುತ್ತೇನೆ ಎಂದರೂ ಒಪ್ಪಿಕೊಳ್ಳಬೇಡಿ. ವಿಡಿಯೊದಲ್ಲಿ ನೀವು ಕಂಡದ್ದು ಸುಳ್ಳಲ್ಲ. ಅಂಥ ಹುಳು ಇದೆ, ಅದು ಬೇಟೆಯಾಡುವುದೂ ನಿಜ. ಆದರೆ ನಿಮ್ಮ ತೋಟದಲ್ಲಿ ಅದು ನೀವಂದುಕೊಂಡ ಕೆಲಸ ಮಾಡುವುದಿಲ್ಲ. ಇದೇ ಕೆಲಸಕ್ಕೆಂದು ಅದನ್ನು ಒಯ್ದ ದ್ವೀಪಗಳಲ್ಲಿ ಅದು ಮಾಡಿದ ಅನಾಹುತವನ್ನು ಇನ್ನೂ ಸರಿಪಡಿಸಲು ಆಗಿಲ್ಲ. ಹೀಗೆ ಹೇಳಿ ನಿಮ್ಮನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಏನು ಮಾಡಬೇಕೆಂಬುದನ್ನೂ ಕೊನೆಯಲ್ಲಿ ವಿವರವಾಗಿ ಬರೆಯುತ್ತೇನೆ. ಮೊದಲು ಕಾರಣ ತಿಳಿದಿರಲಿ, ಏಕೆಂದರೆ ಈ ವಿಡಿಯೊ ನಿಮ್ಮೊಬ್ಬರ ಮೊಬೈಲಿಗೆ ಬಂದಿರಲಾರದು.

ನಿಮ್ಮನ್ನು ಕಾಡುತ್ತಿರುವುದು ಆಫ್ರಿಕಾದ ದೈತ್ಯ ಬಸವನಹುಳು, ಶಾಸ್ತ್ರೀಯ ಹೆಸರು ಲಿಸ್ಸಾಕಟಿನಾ ಫುಲಿಕಾ. ಹಳೆಯ ಪುಸ್ತಕಗಳಲ್ಲಿ ಅಕಟಿನಾ ಫುಲಿಕಾ ಎಂದಿರುತ್ತದೆ. ಇದರ ಮೂಲ ಪೂರ್ವ ಆಫ್ರಿಕಾ. ನಮ್ಮ ದೇಶಕ್ಕೆ ಇದು ತಾನಾಗಿ ಬರಲಿಲ್ಲ. ಶಂಖ, ಚಿಪ್ಪುಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಹೆನ್ರಿ ಬೆನ್ಸನ್ 1847ರಲ್ಲಿ ಮಾರಿಷಸ್‌ನಿಂದ ಜೀವಂತ ಹುಳುಗಳನ್ನು ಕೋಲ್ಕತ್ತಕ್ಕೆ ತಂದ. ಅವು ಚೌರಂಗಿಯ ಒಂದು ತೋಟ ಸೇರಿದವು. ಅಲ್ಲಿಂದ ಸಸಿಯ ಮಣ್ಣು, ಬಾಳೆಯ ಕಂದು, ತಿಪ್ಪೆಗೊಬ್ಬರ, ಮರಳಿನ ಟ್ರ್ಯಾಕ್ಟರುಗಳ ಜೊತೆಗೆ ದೇಶವೆಲ್ಲ ಸುತ್ತಿದವು. ನಿಮ್ಮ ತೋಟಕ್ಕೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಬಂದಿರುತ್ತವೆ. ಮೂರು ಮಳೆಗಾಲದ ಹಿಂದೆ ಹೊರಗಿನಿಂದ ಸಸಿಯನ್ನೋ ಗೊಬ್ಬರವನ್ನೋ ತರಿಸಿದ್ದಿರಾ ಎಂದು ನೆನಪು ಮಾಡಿಕೊಳ್ಳಿ.

ವಿಡಿಯೊದಲ್ಲಿದ್ದ ಬೇಟೆಗಾರ ಬಹುಮಟ್ಟಿಗೆ ಯೂಗ್ಲಾಂಡಿನಾ ರೋಸಿಯಾ. ಅಮೆರಿಕದ ಆಗ್ನೇಯ ಭಾಗದ, ಮುಖ್ಯವಾಗಿ ಫ್ಲಾರಿಡಾದ ಹುಳು. ಎರಡೂ ತುದಿ ಚೂಪಾದ, ನಸುಗುಲಾಬಿ ಬಣ್ಣದ ಉದ್ದನೆಯ ಚಿಪ್ಪು. ಒಳಗೆ ಬೂದು ಬಣ್ಣದ ಸಪೂರ ಮೈ. ಬಾಯಿಯ ಎರಡೂ ಬದಿಗೆ ಮೀಸೆಯಂತೆ ಇಳಿದ ಎರಡು ತುಟಿಗಳಿವೆ. ಬೇರೆ ಬಸವನಹುಳು ಹರಿದುಹೋದ ಲೋಳೆಯ ಜಾಡನ್ನು ಆ ತುಟಿಗಳಿಂದ ಮುಟ್ಟಿ ರುಚಿ ನೋಡುತ್ತಾ, ಬೇಟೆ ಯಾವ ಕಡೆ ಹೋಗಿದೆ ಎಂದು ತಿಳಿದು ಹಿಂಬಾಲಿಸುತ್ತದೆ. ಸಾಮಾನ್ಯ ಬಸವನಹುಳುವಿಗಿಂತ ಎರಡು ಮೂರು ಪಟ್ಟು ವೇಗ. ಮರ ಹತ್ತುತ್ತದೆ, ನೀರಿಗೂ ಇಳಿಯುತ್ತದೆ. ಸಣ್ಣ ಹುಳು ಸಿಕ್ಕರೆ ಚಿಪ್ಪಿನ ಸಮೇತ ನುಂಗುತ್ತದೆ, ಆ ಚಿಪ್ಪಿನ ಸುಣ್ಣ ತನ್ನ ಚಿಪ್ಪು ಬೆಳೆಸಲು ಬೇಕು. ಸ್ವಲ್ಪ ದೊಡ್ಡದಾದರೆ ಚಿಪ್ಪಿನ ಬಾಯಿಯೊಳಗೆ ತಲೆ ತೂರಿಸಿ, ಉದ್ದನೆಯ ಚೂಪು ಹಲ್ಲುಗಳಿಂದ ಮಾಂಸವನ್ನು ಹರಿದು ಎಳೆದುಕೊಳ್ಳುತ್ತದೆ.

‘ಸಣ್ಣ ಹುಳು ಸಿಕ್ಕರೆ’ ಎಂಬಲ್ಲಿ ಸ್ವಲ್ಪ ನಿಲ್ಲಿ. ಯೂಗ್ಲಾಂಡಿನಾಕ್ಕೆ ಇಷ್ಟವಾದದ್ದು ತನಗಿಂತ ಚಿಕ್ಕ ಬೇಟೆ. ನೀವು ಅಂಗೈಯಷ್ಟು ಎಂದು ಬರೆದ ಹುಳುವಿನ ಗೋಜಿಗೆ ಅದು ಹೋಗುವುದಿಲ್ಲ. ಮರಿಗಳನ್ನೂ ಎಳೆಯವನ್ನೂ ತಿನ್ನಬಹುದು, ಆದರೆ ಮೊಟ್ಟೆಯಿಡುವ ದೊಡ್ಡವು ಹಾಗೆಯೇ ಉಳಿಯುತ್ತವೆ. ದೈತ್ಯ ಬಸವನಹುಳು ಒಂದು ಬಾರಿಗೆ ಇಡುವುದು ನೂರರಿಂದ ನಾಲ್ಕು ನೂರು ಮೊಟ್ಟೆ, ಅದೂ ವರ್ಷಕ್ಕೆ ಹಲವು ಸಲ. ಬೇಟೆಗಾರ ವರ್ಷವಿಡೀ ಇಡುವುದು ಕೆಲವು ಡಜನ್. ಈ ಲೆಕ್ಕದಲ್ಲಿ ಯಾರು ಮುಂದೆ ಹೋಗುತ್ತಾರೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ನಮ್ಮ ಸೀಮೆಯ ಹವೆಯೂ ಅದಕ್ಕೆ ಒಗ್ಗುವಂಥದ್ದಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಅದೂ ಕೆಲವೇ ತಿಂಗಳಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ನಿಂತು ಬಿಸಿಲು 40 ಡಿಗ್ರಿ ದಾಟಿದಾಗ ಆಫ್ರಿಕಾದ ಹುಳು ಏನು ಮಾಡುತ್ತದೆ? ಚಿಪ್ಪಿನ ಬಾಯಿಗೆ ತೆಳುವಾದ ಬಿಳಿ ಪರದೆ ಕಟ್ಟಿಕೊಂಡು ಕಲ್ಲಿನ ಸಂದಿಯಲ್ಲೋ ಮಣ್ಣಿನೊಳಗೋ ತಿಂಗಳುಗಟ್ಟಲೆ ನಿದ್ದೆ ಮಾಡುತ್ತದೆ. ಮಳೆ ಬಿದ್ದ ರಾತ್ರಿಯೇ ಎದ್ದು ಬರುತ್ತದೆ. ಯೂಗ್ಲಾಂಡಿನಾ ತೇವದ ನಾಡಿನ ಪ್ರಾಣಿ. ಬೇಸಿಗೆಯಲ್ಲಿ ಬೇಟೆಯೆಲ್ಲ ನಿದ್ದೆಯಲ್ಲಿದ್ದರೆ ಅದಕ್ಕೆ ಹಿಡಿಯಲು ಲೋಳೆಯ ಜಾಡೂ ಇರುವುದಿಲ್ಲ, ಬದುಕಲು ತಂಪೂ ಇರುವುದಿಲ್ಲ. ಬದುಕಿ ಉಳಿದರೆ ಅದು ಕಾಲುವೆ ಬದಿಯ, ಹೊಳೆ ಬದಿಯ ನೆರಳಿನಲ್ಲಿ. ಅಲ್ಲಿ ಅದಕ್ಕೆ ಸಿಗುವುದು ನಮ್ಮದೇ ನೆಲದ ನಿರಪರಾಧಿ ಹುಳುಗಳು.

ಈ ಕೊನೆಯ ಮಾತು ಬರಿಯ ಅಂಜಿಕೆಯಿಂದ ಬಂದದ್ದಲ್ಲ. ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ನಡೆದುಹೋದದ್ದು ದಾಖಲೆಯಲ್ಲಿದೆ. 1955ರಲ್ಲಿ ಹವಾಯಿಯಲ್ಲಿ ಆಫ್ರಿಕಾದ ಹುಳುವಿನ ನಿಯಂತ್ರಣಕ್ಕೆಂದು ಯೂಗ್ಲಾಂಡಿನಾವನ್ನು ಬಿಟ್ಟರು. ಅದಲ್ಲದೆ ಹತ್ತಕ್ಕೂ ಹೆಚ್ಚು ಬಗೆಯ ಮಾಂಸಾಹಾರಿ ಬಸವನಹುಳುಗಳನ್ನೂ ಪ್ರಯೋಗಿಸಿದರು, ಅವುಗಳಲ್ಲಿ ಆಫ್ರಿಕಾದಿಂದಲೇ ತಂದ ಗೊನಾಕ್ಸಿಸ್ ಕೂಡ ಇತ್ತು. ಹವಾಯಿಯ ಒವಾಹು ದ್ವೀಪದ ಮರಗಳ ಮೇಲೆ ಅಕಟಿನೆಲ್ಲಾ ಎಂಬ, ಬಣ್ಣಬಣ್ಣದ ಪಟ್ಟೆಗಳ ಸಣ್ಣ ಬಸವನಹುಳುಗಳಿದ್ದವು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದವು. ಕಾಡು ಕಡಿತ, ಇಲಿ, ಚಿಪ್ಪು ಸಂಗ್ರಹಿಸುವವರ ಹಾವಳಿಯಿಂದ ಅವು ಮೊದಲೇ ಸೊರಗಿದ್ದವು, ಯೂಗ್ಲಾಂಡಿನಾ ಮರ ಹತ್ತಿ ಉಳಿದವನ್ನು ಹುಡುಕಿ ತಿಂದಿತು. 1981ರಲ್ಲಿ ಇಡೀ ಕುಲವನ್ನೇ ಅಮೆರಿಕ ಸರ್ಕಾರ ಅಪಾಯದಂಚಿನ ಪಟ್ಟಿಗೆ ಸೇರಿಸಿತು. ಆ ಕುಲದ ಅಪೆಕ್ಸ್‌ಫುಲ್ವಾ ಎಂಬ ಪ್ರಭೇದದ ಕೊನೆಯ ಹುಳು 2019ರ ಜನವರಿ 1ರಂದು ಪ್ರಯೋಗಾಲಯದ ಪೆಟ್ಟಿಗೆಯಲ್ಲಿ ಸತ್ತಿತು. ಜಾರ್ಜ್ ಎಂದು ಅದಕ್ಕೆ ಹೆಸರಿಟ್ಟಿದ್ದರು.

ಇದಕ್ಕಿಂತ ಘೋರವಾದದ್ದು ಫ್ರೆಂಚ್ ಪಾಲಿನೇಷ್ಯಾದ ಕಥೆ. 1967ರಲ್ಲಿ ಟಹೀಟಿಗೆ ಆಫ್ರಿಕಾದ ಹುಳು ಬಂತು. ಅದರ ಹಾವಳಿ ತಾಳಲಾರದೆ 1974ರಲ್ಲಿ ಟಹೀಟಿಗೂ 1977ರಲ್ಲಿ ಪಕ್ಕದ ಮೂರಿಯಾ ದ್ವೀಪಕ್ಕೂ ಯೂಗ್ಲಾಂಡಿನಾ ಬಿಟ್ಟರು. ಮೂರಿಯಾದಲ್ಲಿ ಪಾರ್ಟುಲಾ ಎಂಬ ಕುಲದ ಏಳು ಪ್ರಭೇದಗಳಿದ್ದವು. ಜೀವವಿಕಾಸದ ವಿಜ್ಞಾನಿಗಳು ದಶಕಗಳ ಕಾಲ ಅಧ್ಯಯನ ಮಾಡಿದ ಹುಳುಗಳವು. ಅಲ್ಲಿನ ಜನ ಅವುಗಳ ಚಿಪ್ಪನ್ನು ಪೋಣಿಸಿ ಹಾರ ಮಾಡುತ್ತಿದ್ದರು. ಹತ್ತೇ ವರ್ಷ. 1987ರ ಹೊತ್ತಿಗೆ ದ್ವೀಪವನ್ನೆಲ್ಲ ಹುಡುಕಿದ ವಿಜ್ಞಾನಿಗಳಿಗೆ ಜೀವಂತ ಪಾರ್ಟುಲಾ ಒಂದೂ ಸಿಗಲಿಲ್ಲ.

ಹೀಗೇಕಾಯಿತು ಎಂಬುದನ್ನು ಗಮನಿಸಬೇಕು. ಆಫ್ರಿಕಾದ ಹುಳು ನೂರಾರು ಮೊಟ್ಟೆಯಿಡುತ್ತದೆ, ಪಾರ್ಟುಲಾ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಬೇಟೆಗಾರನಿಗೆ ಎರಡೂ ಒಂದೇ. ಆಫ್ರಿಕಾದ ಹುಳುವಿನ ಹೇರಳವಾದ ಮರಿಗಳನ್ನು ತಿಂದು ಬೇಟೆಗಾರರ ಸಂಖ್ಯೆ ಹೆಚ್ಚುತ್ತದೆ, ಹೆಚ್ಚಿದ ಬೇಟೆಗಾರರು ಪಾರ್ಟುಲಾಗಳ ಮೇಲೂ ಬೀಳುತ್ತಾರೆ. ಮೊದಲನೆಯದು ಕಳೆದುಕೊಂಡದ್ದನ್ನು ಒಂದೇ ಮಳೆಗಾಲದಲ್ಲಿ ತುಂಬಿಕೊಳ್ಳುತ್ತದೆ. ಎರಡನೆಯದು ತುಂಬಿಕೊಳ್ಳಲಾರದೆ ನಾಶವಾಗುತ್ತದೆ. ಅಂದರೆ ಯಾವ ಶತ್ರುವಿಗೆಂದು ತಂದರೋ ಆ ಶತ್ರುವೇ ಬೇಟೆಗಾರನಿಗೆ ಅನ್ನ ಹಾಕಿ ಸಾಕಿತು, ಸತ್ತದ್ದು ಮಾತ್ರ ಪಾಪದ ಪಾರ್ಟುಲಾ. ಕೆಲವು ದ್ವೀಪಗಳಲ್ಲಿ ಆಫ್ರಿಕಾದ ಹುಳು ಕಾಲಕ್ರಮೇಣ ಕಡಿಮೆಯಾದದ್ದುಂಟು. ಆದರೆ ಯಾವ ಬೇಟೆಗಾರನನ್ನೂ ಬಿಡದ ಕಡೆಗಳಲ್ಲಿಯೂ ಮೊದಲ ಅಬ್ಬರದ ನಂತರ ಅದು ಹೀಗೆ ಇಳಿದಿದೆ. ಆದ್ದರಿಂದ ಆ ಕೀರ್ತಿಯನ್ನು ಯೂಗ್ಲಾಂಡಿನಾಕ್ಕೆ ಕೊಡಲು ನಾನು ತಯಾರಿಲ್ಲ. ಇಂದು ಪ್ರಪಂಚದ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಆಫ್ರಿಕಾದ ಹುಳುವೂ ಇದೆ, ಅದಕ್ಕೆ ಮದ್ದೆಂದು ತಂದ ಯೂಗ್ಲಾಂಡಿನಾವೂ ಇದೆ.

ಪಾರ್ಟುಲಾ ಪೂರ್ತಿ ಅಳಿಯಲಿಲ್ಲ ಎಂಬುದೊಂದು ಸಮಾಧಾನ. ಕೆಲವರು ಮುಂದಾಲೋಚನೆಯಿಂದ ಒಂದಿಷ್ಟು ಹುಳುಗಳನ್ನು ಲಂಡನ್ ಮತ್ತಿತರ ಮೃಗಾಲಯಗಳಿಗೆ ಒಯ್ದು ಪೆಟ್ಟಿಗೆಗಳಲ್ಲಿ ಸಾಕಿದ್ದರು. 2015ರಿಂದ ಅವುಗಳ ಸಂತತಿಯನ್ನು ಮರಳಿ ದ್ವೀಪಗಳಿಗೆ ಬಿಡುತ್ತಿದ್ದಾರೆ. ಆದರೆ ಬೇಟೆಗಾರ ಇನ್ನೂ ಅಲ್ಲಿಯೇ ಇದೆ. ಒಮ್ಮೆ ಬಿಟ್ಟ ಹುಳುವನ್ನು ಹಿಂದಕ್ಕೆ ಕರೆಸಿಕೊಳ್ಳಲು ಆಗುವುದಿಲ್ಲ.

ಹಾಗಾದರೆ ಬೇಟೆಯ ಬಸವನಹುಳು ಎಲ್ಲಿಯೂ ಉಪಯೋಗಕ್ಕೆ ಬಂದಿಲ್ಲವೇ? ಬಂದಿದೆ. ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದ ಕಿತ್ತಳೆ ತೋಟಗಳಲ್ಲಿ ರುಮಿನಾ ಡಿಕೊಲಾಟಾ ಎಂಬ, ಮೆಡಿಟರೇನಿಯನ್ ಪ್ರದೇಶದ ತುದಿಮುರಿದ ಚಿಪ್ಪಿನ ಹುಳುವನ್ನು 1970ರ ದಶಕದಿಂದ ಬಳಸಿದ್ದಾರೆ. ಅಲ್ಲಿನ ಕಂದು ಬಸವನಹುಳು ನಮ್ಮ ಆಫ್ರಿಕಾದ ಹುಳುವಿಗಿಂತ ಬಹಳ ಚಿಕ್ಕದು. ರುಮಿನಾ ಅದರ ಮೊಟ್ಟೆಯನ್ನೂ ಮರಿಯನ್ನೂ ತಿನ್ನುತ್ತದೆ. ಫಲ ಕಾಣಲು ಹಲವು ವರ್ಷ ಬೇಕು, ಆ ಅವಧಿಯಲ್ಲಿ ವಿಷದ ಗುಳಿಗೆ ಹಾಕುವಂತಿಲ್ಲ. ಎಳೆ ಸಸಿಗಳನ್ನೂ ಅದು ಮೇಯುವುದರಿಂದ ತರಕಾರಿ ಮಡಿಗೆ ಸಲ್ಲದು. ಆ ರಾಜ್ಯದಲ್ಲಿಯೇ ಕೆಲವು ಜಿಲ್ಲೆಗಳಲ್ಲಿ ಮಾತ್ರ ಅದಕ್ಕೆ ಅನುಮತಿ, ಸ್ಥಳೀಯ ಹುಳುಗಳಿಗೆ ಅಪಾಯವಿರುವ ಕಡೆ ಬಿಡುವುದು ಕಾನೂನುಬಾಹಿರ.

ಜೈವಿಕ ನಿಯಂತ್ರಣವೇ ಬೇಡ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನೀವು ಪಪ್ಪಾಯಿ ಬೆಳೆಯುವವರು. 2010ರ ಆಸುಪಾಸಿನಲ್ಲಿ ಪಪ್ಪಾಯಿಗೆ ಬಂದ ಬಿಳಿ ಹಿಟ್ಟುತಿಗಣೆಯ ಹಾವಳಿ ನೆನಪಿರಬಹುದು. ಔಷಧಿ ಹೊಡೆದು ಸೋತ ಮೇಲೆ ಬೆಂಗಳೂರಿನ ಕೇಂದ್ರ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ಅಸೆರೊಫೇಗಸ್ ಪಪಾಯೆ ಎಂಬ ಪುಟ್ಟ ಪರತಂತ್ರ ಕಣಜವನ್ನು ತರಿಸಿ, ಪರೀಕ್ಷಿಸಿ, ಬಿಡುಗಡೆ ಮಾಡಿದರು. ತಿಗಣೆ ಹತೋಟಿಗೆ ಬಂತು. ಆ ಕಣಜ ಮೊಟ್ಟೆಯಿಡುವುದು ಆ ತಿಗಣೆಯ ಮೈಯೊಳಗೆ, ಬೇರೆ ಹುಳುವಿನ ತಂಟೆಗೆ ಅದು ಹೋಗುವುದಿಲ್ಲ. ಯೂಗ್ಲಾಂಡಿನಾ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಒಂದು ಜೀವಿಯನ್ನು ತರಬಹುದೇ ಬಾರದೇ ಎಂದು ತೂಗುವಾಗ ನಾನು ಮೊದಲು ನೋಡುವುದೇ ಈ ವ್ಯತ್ಯಾಸವನ್ನು. ಇಂಥ ಜೀವಿಗಳನ್ನು ಹೊರದೇಶದಿಂದ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಬೇಕೇ ಬೇಕು. ಕೊರಿಯರ್‌ನಲ್ಲಿ ಡಬ್ಬಿ ತರಿಸಿಕೊಳ್ಳುವುದು ಅಪರಾಧ ಎಂಬುದನ್ನು ಮಗನಿಗೂ ತಿಳಿಸಿ.

ಇನ್ನು ನೀವು ಕಳಿಸಿದ ಚಿತ್ರ. ಅದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಗಾಜಿನಂತೆ ಹೊಳೆಯುವ, ಕೊಳವೆಯಾಕಾರದ, ಆರೇಳು ಮಿಲಿಮೀಟರ್ ಉದ್ದದ ಚಿಪ್ಪು. ಒಳಗಿನ ಮೈ ಹಳದಿಯಿಂದ ಕಿತ್ತಳೆಗೆ ತಿರುಗಿದೆ. ಇದು ಹಟ್ಟೊನೆಲ್ಲಾ ಬೈಕಲರ್ ಎಂಬ ಹುಳುವಿನ ಲಕ್ಷಣ. ಹೌದು, ಇದೂ ಬಸವನಹುಳು ತಿನ್ನುವ ಬಸವನಹುಳುವೇ. ಆದರೆ ಯೂಗ್ಲಾಂಡಿನಾ ಅಲ್ಲ, ಅದರ ಸಂಬಂಧಿಯೂ ಅಲ್ಲ. ಇದು ಭಾರತದ್ದೇ ಹುಳು, ಸ್ಟ್ರೆಪ್ಟಾಕ್ಸಿಡೆ ಎಂಬ ಮಾಂಸಾಹಾರಿ ವಂಶಕ್ಕೆ ಸೇರಿದ್ದು. ಈ ವಂಶದ ಹಲವು ಪ್ರಭೇದಗಳು ನಮ್ಮ ಪಶ್ಚಿಮ ಘಟ್ಟದಲ್ಲಿವೆ.

ಸಂಜೆ ನೀರು ಹಾಕಿದ ಮೇಲೆ ಆ ಹೂಕುಂಡವನ್ನು ಮೆಲ್ಲನೆ ಎತ್ತಿ, ಅಡಿಯ ಒದ್ದೆ ಮಣ್ಣನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ. ಅಲ್ಲಿ ಇನ್ನೊಂದು ಬಗೆಯ ಹುಳುವೂ ಇದ್ದೀತು, ದಬ್ಬಣದ ಮೊನೆಯಂತೆ ತುದಿ ಚೂಪಾದ ಮಾಸಲು ಚಿಪ್ಪಿನದು. ಅದು ಅಲ್ಲೊಪಿಯಾಸ್, ಕೊಳೆತ ಎಲೆಯನ್ನೂ ಎಳೆ ಬೇರನ್ನೂ ತಿನ್ನುವಂಥದ್ದು. ಕಿತ್ತಳೆ ಹುಳು ತಿನ್ನುವುದು ಇಂಥ ಸಣ್ಣವನ್ನು. ಚಿಪ್ಪಿನ ಬಾಯಿಯಿಂದ ತಲೆ ತೂರಿಸಿ ಒಳಗಿನದನ್ನು ಖಾಲಿ ಮಾಡಿ ಮುಂದಕ್ಕೆ ಹೋಗುತ್ತದೆ. ಕುಂಡದಡಿಯಲ್ಲಿ ಖಾಲಿಯಾದ ಚೂಪು ಚಿಪ್ಪುಗಳು ಬಿದ್ದಿದ್ದರೆ ಅದು ಇದರ ಕೆಲಸವಿರಬಹುದು. ಅಂಗೈಯಷ್ಟಿನ ಆಫ್ರಿಕಾದ ಹುಳುವಿಗೆ ಇದರಿಂದ ಏನೂ ಆಗುವುದಿಲ್ಲ, ಹಾಗೆಂದು ಆಸೆ ಹುಟ್ಟಿಸುವುದಿಲ್ಲ. ಆದರೂ ಇದನ್ನು ಕೊಲ್ಲಬೇಡಿ. ಹೊರಗಿನಿಂದ ಬೇಟೆಗಾರನನ್ನು ತಂದಿದ್ದರೆ ಅದು ಮೊದಲು ನುಂಗುತ್ತಿದ್ದದ್ದು ಇಂಥ ಹುಳುಗಳನ್ನೇ. ಒಂದು ಎಚ್ಚರಿಕೆ: ಇದನ್ನು ಬೇರೆ ಊರಿಗೆ, ಬೇರೆ ತೋಟಕ್ಕೆ ಹಂಚಲೂ ಹೋಗಬೇಡಿ. ಸಸಿಗಳ ಮಣ್ಣಿನ ಜೊತೆ ಇದು ಈಗಾಗಲೇ ಹಲವು ದೇಶಗಳಿಗೆ ಹೋಗಿ ಅಲ್ಲಿ ಪರದೇಶಿ ಹುಳುವಾಗಿ ಕುಳಿತಿದೆ.

ದೊಡ್ಡ ಹುಳುವಿನ ವೈರಿಗಳೂ ನಿಮ್ಮ ತೋಟದ ಸುತ್ತಲೇ ಇದ್ದಾರೆ. ಕೆಂಬೂತ ಆಫ್ರಿಕಾದ ಹುಳುವನ್ನು ಹಿಡಿದು ತಿನ್ನುತ್ತದೆ. ಬೇಲಿಯ ಪೊದೆಯಲ್ಲಿ ‘ಊಪ್ ಊಪ್’ ಎಂಬ ಗಂಭೀರ ದನಿ ಕೇಳಿದರೆ ಅದನ್ನು ಓಡಿಸಬೇಡಿ. ಮಿಂಚುಹುಳುವಿನ ಮರಿಗಳು ಬಸವನಹುಳುವಿಗೆ ಕಚ್ಚಿ, ವಿಷ ಸೇರಿಸಿ, ಮೈ ಮರಗಟ್ಟಿಸಿ ತಿನ್ನುತ್ತವೆ. ಶ್ರೀಲಂಕಾದ ದೊಡ್ಡ ಜಾತಿಯ ಮಿಂಚುಹುಳುವೊಂದು ಆಫ್ರಿಕಾದ ಹುಳುವನ್ನೇ ಬೇಟೆಯಾಡುವುದನ್ನು ನೂರು ವರ್ಷದ ಹಿಂದೆಯೇ ಗಮನಿಸಿದ್ದರು. ನೆಲದ ಮೇಲೆ ಓಡಾಡುವ ಕರಿ ದುಂಬಿಗಳು, ಇರುವೆಗಳು ಎಳೆ ಮರಿಗಳನ್ನು ತಿನ್ನುತ್ತವೆ. ಬಾತುಕೋಳಿ ಸಣ್ಣ ಹುಳುಗಳನ್ನು ನುಂಗುತ್ತದೆ, ನಾಲ್ಕಾರು ಬಾತು ಸಾಕಲು ಅನುಕೂಲವಿದ್ದರೆ ಸಾಕಿ. ಇವೆಲ್ಲ ಸೇರಿ ಹಾವಳಿಯನ್ನು ಪೂರ್ತಿ ನಿಲ್ಲಿಸುವುದಿಲ್ಲ. ಆದರೆ ನೀವು ಮಾಡುವ ಕೆಲಸಕ್ಕೆ ಕೈ ಜೋಡಿಸುತ್ತವೆ. ವಿಷ ಕಲಸಿದ ತವುಡು ಮೊದಲು ಕೊಲ್ಲುವುದು ಇವನ್ನು, ನಿಮ್ಮ ನಾಯಿಯನ್ನು ಕೊಂದಂತೆ. ಆ ನಾಯಿಯ ವಿಷಯ ಓದಿ ನಿಜಕ್ಕೂ ಬೇಸರವಾಯಿತು. ಇನ್ನು ಮುಂದೆ ಕೀಟನಾಶಕ ಕಲಸಿದ ತವುಡನ್ನು ತೋಟದಲ್ಲಿ ಇಡಲೇಬೇಡಿ.

ಈಗ ಕೆಲಸದ ಮಾತು. ಆಫ್ರಿಕಾದ ಹುಳುವಿಗೆ ಇಂದಿಗೂ ಅತ್ಯುತ್ತಮ ಮದ್ದು ಕೈಯಿಂದ ಆರಿಸುವುದು. ಇದನ್ನು ಕೇಳಿ ನಿರಾಶೆಯಾಗಬಹುದು. ಫ್ಲಾರಿಡಾವನ್ನು ನೋಡಿ, ಯೂಗ್ಲಾಂಡಿನಾದ ತವರೂರು ಅದು. 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ತಂದ ಮೂರು ಆಫ್ರಿಕಾದ ಹುಳುಗಳನ್ನು ಅವನ ಅಜ್ಜಿ ಮಯಾಮಿಯ ಮನೆಯ ಹಿತ್ತಲಿಗೆ ಬಿಟ್ಟರು. ಏಳು ವರ್ಷದೊಳಗೆ 18,000ಕ್ಕೂ ಹೆಚ್ಚು ಹುಳುಗಳನ್ನು ಆರಿಸಬೇಕಾಯಿತು, ನಿರ್ಮೂಲವಾಗಲು 1975 ಆಯಿತು. 2011ರಲ್ಲಿ ಮಯಾಮಿಯಲ್ಲಿ ಮತ್ತೆ ಕಾಣಿಸಿಕೊಂಡಾಗ ಮನೆಮನೆ ಹುಡುಕಿ, ವಾಸನೆ ಹಿಡಿಯುವ ನಾಯಿಗಳನ್ನೂ ಬಳಸಿ, ವಿಷದ ಗುಳಿಗೆಗಳ ಜೊತೆಗೆ ಸುಮಾರು 1,70,000 ಹುಳುಗಳನ್ನು ತೆಗೆದರು. 2021ರಲ್ಲಿ ನಿರ್ಮೂಲವಾಯಿತೆಂದು ಘೋಷಿಸಿದರು. ಬೇಟೆಯ ಬಸವನಹುಳು ಸಹಜವಾಗಿ ಇರುವ ನಾಡಿನಲ್ಲಿಯೇ ಗೆಲುವು ಬಂದದ್ದು ಬಿಡದೆ ಹುಡುಕಿ ಆರಿಸಿದ ಜನರಿಂದ.

ಆರಿಸುವುದರಲ್ಲಿ ಹೊತ್ತು ನೋಡಿ ಆರಿಸಬೇಕು. ಮೊದಲ ಸುತ್ತು ಬೇಸಿಗೆಯಲ್ಲಿ, ಕಾಲುವೆಗೆ ನೀರು ನಿಂತಾಗ. ಆನೆಗೊಂದಿಯಲ್ಲಿ ಗುಂಡುಬಂಡೆಗಳಿಗೆ ಬರವಿಲ್ಲ. ಆ ಬಂಡೆಗಳ ನೆರಳಿನ ಸಂದಿ, ಕಲ್ಲುಗುಪ್ಪೆ, ಕಡಿದು ಹಾಕಿದ ಬಾಳೆದಿಂಡಿನ ರಾಶಿ, ತೆಂಗಿನ ಸಿಪ್ಪೆಯ ಗುಡ್ಡೆ, ಪಂಪ್‌ಸೆಟ್ ಮನೆಯ ಹಿಂಗೋಡೆ, ಇಲ್ಲೆಲ್ಲ ಬಾಯಿ ಮುಚ್ಚಿಕೊಂಡ ಹುಳುಗಳು ಗುಂಪಾಗಿ ಸಿಗುತ್ತವೆ. ನಿದ್ದೆಯಲ್ಲಿರುವಾಗ ತೆಗೆದರೆ ಮುಂಗಾರಿನ ಮೊಟ್ಟೆಯೇ ಇಲ್ಲ. ಎರಡನೆಯ ಸುತ್ತು ರೋಹಿಣಿ, ಮೃಗಶಿರಾ ಮಳೆಯಲ್ಲಿ ಮೊದಲ ಹದವಾದ ಮಳೆ ಬಿದ್ದ ರಾತ್ರಿಯಿಂದ ಎರಡು ಮೂರು ವಾರ. ಆಗ ಎದ್ದ ಹುಳುಗಳು ಹೊಟ್ಟೆ ತುಂಬಿಸಿಕೊಂಡು, ಕೂಡಿ, ಮೊಟ್ಟೆಗೆ ಸಿದ್ಧವಾಗುತ್ತವೆ. ಪ್ರತಿ ಹುಳುವಿನಲ್ಲೂ ಗಂಡು, ಹೆಣ್ಣು ಎರಡೂ ಅಂಗಗಳಿವೆ. ಒಮ್ಮೆ ಕೂಡಿದ ಹುಳು ವೀರ್ಯವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಂಡು ಮತ್ತೆ ಮತ್ತೆ ಮೊಟ್ಟೆಯಿಡಬಲ್ಲದು. ಆದ್ದರಿಂದ ಆ ವಾರಗಳಲ್ಲಿ ತೆಗೆದ ಒಂದೊಂದು ದೊಡ್ಡ ಹುಳುವೂ ನೂರಾರು ಮರಿಗಳ ಲೆಕ್ಕ. ಆಗಸ್ಟ್‌ನಲ್ಲಿ ಮರಿ ತುಂಬಿದ ಮೇಲೆ ಆರಿಸಲು ಕುಳಿತರೆ ಆಳಿನ ಕೂಲಿ ಮಾತ್ರ ಹೋಗುತ್ತದೆ.

ಸಂಜೆ ಗೋಣಿಚೀಲಗಳನ್ನು ನೀರಿನಲ್ಲಿ ನೆನೆಸಿ, ಸಾಲುಗಳ ನಡುವೆ ಅಲ್ಲಲ್ಲಿ ಹಾಸಿ, ಅದರಡಿ ಪಪ್ಪಾಯಿ ಎಲೆಯನ್ನೋ ಎಲೆಕೋಸಿನ ಹೊರ ಎಲೆಯನ್ನೋ ಇಡಿ. ಬೆಲ್ಲದ ನೀರಿನಲ್ಲಿ ಒಂದು ದಿನ ಹುಳಿ ಬರಿಸಿದ ತವುಡಿನ ಮುದ್ದೆಯೂ ಆಗುತ್ತದೆ, ವಿಷ ಬೇಡ. ರಾತ್ರಿ ಮೇಯ್ದ ಹುಳುಗಳು ಬಿಸಿಲೇರುವ ಮೊದಲು ಚೀಲದಡಿ ಸೇರಿರುತ್ತವೆ. ಮುಂಜಾನೆ ಚೀಲ ಎತ್ತಿ ಆರಿಸಿ. ಒಮ್ಮೆ ನೆಲೆ ಮಾಡಿದ ಕಡೆಗೆ ಮರಳುವುದು ಇವುಗಳ ಅಭ್ಯಾಸ, ಆದ್ದರಿಂದ ಚೀಲದ ಜಾಗ ದಿನವೂ ಬದಲಿಸಬೇಡಿ. ಗಿಡದ ಬುಡದ ಸಡಿಲ ಮಣ್ಣನ್ನು ಎರಡು ಮೂರು ಬೆರಳಿನ ಆಳ ಕೆದಕಿ ನೋಡಿ. ಜೋಳದ ಕಾಳಿನ ಗಾತ್ರದ, ಕೆನೆ ಬಣ್ಣದ ಮೊಟ್ಟೆಗಳ ಗೊಂಚಲು ಸಿಕ್ಕರೆ ಬಿಸಿಲಿಗೆ ಹರವಿ ಜಜ್ಜಿಬಿಡಿ. ನೀರು ಹಾಯಿಸುವುದನ್ನು ಸಂಜೆಯಿಂದ ಬೆಳಗಿನ ಹೊತ್ತಿಗೆ ಬದಲಾಯಿಸಿದರೆ ರಾತ್ರಿಯ ತೇವ ಕಡಿಮೆಯಾಗಿ ಅವುಗಳ ಓಡಾಟವೂ ತಗ್ಗುತ್ತದೆ.

ಬದು ಸ್ವಚ್ಛ ಮಾಡುವ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಎಲ್ಲ ಪೊದೆ, ಹುಲ್ಲನ್ನು ಕಿತ್ತು ಸುಟ್ಟುಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಹಾಗೆ ಮಾಡಿದರೆ ಕೆಂಬೂತಕ್ಕೂ ಮಿಂಚುಹುಳುವಿಗೂ ನೆಲೆ ತಪ್ಪುತ್ತದೆ. ಬೆಳೆಗೆ ತಾಗಿಕೊಂಡಿರುವ ಕಸ, ಕಲ್ಲು, ದಿಂಡಿನ ರಾಶಿಗಳನ್ನು ತಪ್ಪದೆ ತೆಗೆಯಿರಿ. ದೂರದ ಬೇಲಿಯ ಒಂದು ಭಾಗವನ್ನು ಹಾಗೆಯೇ ಬಿಡಿ, ಅಲ್ಲಿ ಮಾತ್ರ ವಾರಕ್ಕೊಮ್ಮೆ ಹುಳು ಆರಿಸಿ.

ಎಳೆ ಪಪ್ಪಾಯಿಯ ಕಾಂಡಕ್ಕೆ ಬೋರ್ಡೋ ಮುಲಾಮು ಬಳಿದರೆ ತಾಮ್ರದ ಅಂಶ ಹುಳುವನ್ನು ಹತ್ತಗೊಡುವುದಿಲ್ಲ. ಸಸಿಮಡಿಯ ಸುತ್ತ ಒಣ ಸುಣ್ಣದ ಪಟ್ಟಿ ಹಾಕಬಹುದು, ಮಳೆಗೆ ನೆನೆದರೆ ಮತ್ತೆ ಹಾಕಬೇಕು. ಮೆಟಾಲ್ಡಿಹೈಡ್ 2.5% ಗುಳಿಗೆ ಅನಿವಾರ್ಯವಾದರೆ ಮಾತ್ರ, ಅದೂ ಡಬ್ಬಿಯ ಮೇಲಿನ ಪ್ರಮಾಣದಲ್ಲಿ, ನಾಯಿ, ದನ ಬಾರದ ಕಡೆ, ಗುಡ್ಡೆ ಹಾಕದೆ ಬಿಡಿಬಿಡಿಯಾಗಿ ಚೆಲ್ಲಿ. ಮಳೆ ಬೀಳುವ ರಾತ್ರಿ ಹಾಕಿದರೆ ವ್ಯರ್ಥ, ಹುಳು ತೇವದಲ್ಲಿ ಚೇತರಿಸಿಕೊಳ್ಳುತ್ತದೆ. ಉಪ್ಪನ್ನು ಮಾತ್ರ ಹೊಲಕ್ಕೆ ಚೆಲ್ಲಬೇಡಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳಾಗಿ ಕೈಬಿಟ್ಟ ಭೂಮಿ ಎಷ್ಟಿದೆ ಎಂಬುದು ನಿಮಗೆ ಗೊತ್ತು. ಹುಳುವಿಗೆ ಹಾಕಿದ ಉಪ್ಪು ಮಣ್ಣಿನಲ್ಲಿಯೇ ಉಳಿಯುತ್ತದೆ.

ಅಕ್ಕಪಕ್ಕದ ತೋಟದವರು ಸೇರದಿದ್ದರೆ ನಿಮ್ಮ ಶ್ರಮ ಅರ್ಧ ವ್ಯರ್ಥ. ಹುಳುವಿಗೆ ಬದುವಿನ ಲೆಕ್ಕವಿಲ್ಲ. ಕಾಲುವೆಯ ಒಂದೇ ಸಾಲಿನಲ್ಲಿರುವ ಹತ್ತು ತೋಟದವರು ಮೊದಲ ಮಳೆಯ ನಂತರ ಒಂದೇ ವಾರ ಒಟ್ಟಾಗಿ ಆರಿಸಿದರೆ ಫಲ ಕಣ್ಣಿಗೆ ಕಾಣುತ್ತದೆ. ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಆ ದಿನಕ್ಕೆ ಕರೆಯಿರಿ. ಹೊಸ ಸಸಿ, ಬಾಳೆಕಂದು ತಂದಾಗ ಬೇರಿನ ಮಣ್ಣನ್ನು ತೋಟದ ಹೊರಗೇ ಕೊಡವಿ ನೋಡುವ ಅಭ್ಯಾಸವನ್ನೂ ಎಲ್ಲರೂ ಇಟ್ಟುಕೊಳ್ಳಲಿ.

ಆರಿಸುವಾಗ ಕೈಗೆ ಗವಸು ಅಥವಾ ಪ್ಲಾಸ್ಟಿಕ್ ಚೀಲ ಇರಲೇಬೇಕು, ಮಕ್ಕಳನ್ನು ಬರಿಗೈಯಲ್ಲಿ ಕಳಿಸಬೇಡಿ. ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಜಂತುಹುಳುವಿನ ಮರಿಗಳು, ಇಲಿಯ ಹಿಕ್ಕೆಯ ಮೂಲಕ ಈ ಬಸವನಹುಳುಗಳ ಮೈ ಸೇರುತ್ತವೆ. ಕೈಯಿಂದ ಬಾಯಿಗೆ, ಇಲ್ಲವೆ ತೊಳೆಯದ ಹಸಿ ತರಕಾರಿಯಿಂದ ಮನುಷ್ಯರ ದೇಹ ಹೊಕ್ಕರೆ ಮಿದುಳಿನ ಪೊರೆಯ ಉರಿಯೂತ ಬರಬಹುದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಸೌತೆ, ಮೂಲಂಗಿ ಕಿತ್ತಲ್ಲಿಯೇ ತಿನ್ನುವುದನ್ನು ಬಿಡಿ.

ಕೋಳಿಯ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ. ಹಸಿಯಾಗಿ ಹಾಕಬೇಡಿ. ತೋಟದಲ್ಲಿಯಾಗಲಿ ಪಕ್ಕದ ತೋಟದಲ್ಲಿಯಾಗಲಿ ಗುಳಿಗೆ ಅಥವಾ ವಿಷ ಹಾಕಿದ್ದರೆ ಬೇಯಿಸಿಯೂ ಹಾಕಬೇಡಿ. ವಿಷ ಹಾಕಿಲ್ಲವೆಂಬುದು ಖಚಿತವಿದ್ದರೆ, ಹುಳುಗಳನ್ನು ಕುದಿಯುವ ನೀರಿಗೆ ಹಾಕಿ ಚೆನ್ನಾಗಿ ಬೇಯಿಸಿ, ಚಿಪ್ಪು ಜಜ್ಜಿ ಕೊಡಬಹುದು. ಉಳಿದವನ್ನು ಎರಡು ಮೂರು ಅಡಿ ಆಳದ ಗುಂಡಿಗೆ ಹಾಕಿ, ಮೇಲೆ ಸುಣ್ಣ ಚೆಲ್ಲಿ, ಮಣ್ಣು ಮುಚ್ಚಿ ತುಳಿಯಿರಿ. ಜೀವಂತ ಹುಳುಗಳನ್ನು ಚೀಲದಲ್ಲಿ ತುಂಬಿ ಕಾಲುವೆಗೋ ಹೊಳೆಗೋ ಎಸೆಯುವುದನ್ನು ಕೆಲವು ಕಡೆ ನೋಡಿದ್ದೇನೆ. ಹಾಗೆ ಮಾಡಿದರೆ ಅವು ಕೆಳಗಿನ ಊರಿನ ದಡ ಹತ್ತುತ್ತವೆ.